ನೂರ ಎಂಬತ್ತೆರಡನೆಯ ಹೊಲಿಗೆ

ಅಂಜನಮ್ಮ ಅಡ್ಡಡ್ಡಲಾಗಿ ನಡೆಯುತ್ತಾರೆ. ಎದುರಿಗೆ ತುಮಕೂರು ರಸ್ತೆಯಷ್ಟು ಅಗಲದ ದಾರಿ ಖಾಲಿ ಬಿದ್ದಿದ್ದರೂ ಸರಿಯೇ, ಎಡಭುಜವನ್ನು ಮುಂದೆ ಮಾಡಿ, ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಯಾರದೋ ಮೊಣಕೈಯನ್ನು ತಪ್ಪಿಸಿಕೊಳ್ಳುವವರಂತೆ ಓರೆಯಾಗಿ, ಆದರೆ ಜೊತೆಯಲ್ಲಿರುವವರು ಏದುಸಿರು ಬಿಡುವಷ್ಟು ವೇಗವಾಗಿ ಸಾಗುತ್ತಾರೆ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ, ಹೊಲಿಗೆ ಯಂತ್ರಗಳ ಎರಡು ಸಾಲುಗಳ ನಡುವಿನ ಒಂದೂವರೆ ಅಡಿಯ ಓಣಿಯಲ್ಲಿ ಇಪ್ಪತ್ತೆರಡು ವರ್ಷ ಓಡಾಡಿದ ದೇಹ ಅದು; ಅಗಲವಾದ ಜಾಗ ಕಂಡರೆ ಅದಕ್ಕೆ ನಂಬಿಕೆಯೇ ಬರುವುದಿಲ್ಲ. ವಿಮಾನದ ಒಳಗೆ ಈ ನಡಿಗೆ ಬಹಳ ಉಪಯೋಗಕ್ಕೆ ಬರುತ್ತದೆಂದು ಒಮ್ಮೆ ಆಕೆಯೇ ಹೇಳಿದ್ದರು. ಇರಬಹುದು. ವಿಮಾನದ ಒಳಗಿನ ಓಣಿ ಎಷ್ಟು ಅಗಲವಿರುತ್ತದೆಂಬುದು ನನಗೆ ಗೊತ್ತಿಲ್ಲ. ನಾನು ವಿಮಾನ ಹತ್ತಿದವನಲ್ಲ. ಈ ಬರಹದ ಉದ್ದಕ್ಕೂ ಏನೋ ಸುಟ್ಟ ವಾಸನೆ ಬಂದರೆ ಅದು ನನ್ನ ಹೊಟ್ಟೆಯದು ಎಂಬುದನ್ನು ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ.

ಅದೇ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನಾನು ಹದಿನೇಳು ವರ್ಷದಿಂದ ಇದ್ದೇನೆ. ದಾವಣಗೆರೆಯವನು, ಎಂ.ಕಾಂ. ಓದಿದವನು, ಇಂಗ್ಲಿಷ್ ಪತ್ರ ಬರೆಯಬೇಕಾದಾಗ ಜನರಲ್ ಮ್ಯಾನೇಜರ್ ಕೂಡ ಹುಡುಕಿಕೊಂಡು ಬರುವವನು. ನಮ್ಮ ಮಾಲೀಕರಿಗೆ ಬಹರೈನ್‌ನಲ್ಲಿ ಇನ್ನೊಂದು ಕಾರ್ಖಾನೆಯಿದೆ. ಅಲ್ಲಿಗೆ ಇಲ್ಲಿಂದ ಜನ ಹೋಗಿ ಬಂದು ಮಾಡುತ್ತಿರುತ್ತಾರೆ. ಹಾಗೆ ಹೋದವರೆಲ್ಲರ ಆದಾಯ ತೆರಿಗೆಯ ಕಾಗದಪತ್ರ ನನ್ನ ಪಾಲಿಗೆ ಬಂದಿದೆ. ಯಾವ ದೇಶದೊಡನೆ ನಮಗೆ ತೆರಿಗೆ ಒಪ್ಪಂದವಿದೆ, ಯಾವ ದೇಶ ಸಂಬಳದಲ್ಲಿ ಎಷ್ಟು ಮುರಿದುಕೊಳ್ಳುತ್ತದೆ, ಯಾವುದು ಬಿಡಿಗಾಸನ್ನೂ ಮುಟ್ಟುವುದಿಲ್ಲ ಎಂಬುದನ್ನೆಲ್ಲ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಇತರರು ದೇಶಗಳನ್ನು ಅವುಗಳ ಸಮುದ್ರದಿಂದ, ಊಟದಿಂದ, ಹೆಂಗಸರ ಉಡುಪಿನಿಂದ ನೆನಪಿಟ್ಟುಕೊಂಡರೆ, ನಾನು ಅವುಗಳನ್ನು ಕಲಮುಗಳಿಂದ ಬಲ್ಲೆ. ನನ್ನದೊಂದು ಪಾಸ್‌ಪೋರ್ಟ್ ಇದೆ. ಒಮ್ಮೆ ನವೀಕರಿಸಿಯೂ ಆಗಿದೆ. ಅದರ ಮೂವತ್ತಾರು ಪುಟಗಳೂ ಅಚ್ಚಾದ ದಿನದಷ್ಟೇ ಶುಭ್ರವಾಗಿವೆ.

ಏಳು ವರ್ಷದ ಹಿಂದೆ ಬಹರೈನ್‌ನ ಲೆಕ್ಕ ತಪಾಸಣೆಗೆ ನನ್ನನ್ನೇ ಕಳುಹಿಸುವುದೆಂದು ನಿಶ್ಚಯವಾಗಿತ್ತು. ನನ್ನ ಹೆಂಡತಿ ಉಮಾಶ್ರೀ ಮಲ್ಲೇಶ್ವರಕ್ಕೆ ಹೋಗಿ ನೀಲಿ ಬಣ್ಣದ, ನಾಲ್ಕು ಚಕ್ರದ ಸೂಟ್‌ಕೇಸನ್ನು ಕೊಂಡು ತಂದಿದ್ದಳು. ಹೊರಡಲು ಹತ್ತು ದಿನವಿರುವಾಗ, ತಪಾಸಣೆಯನ್ನು ಕಂಪ್ಯೂಟರಿನಲ್ಲೇ ಮಾಡಬಹುದೆಂದು ಯಾರಿಗೋ ಹೊಳೆದು, ನಾನು ನನ್ನ ಕುರ್ಚಿಯಲ್ಲೇ ಕುಳಿತು ಬಹರೈನ್ ತಪಾಸಣೆ ಮಾಡಿದೆ. ಆ ವರ್ಷವೇ ಅಂಜನಮ್ಮನನ್ನು ಅಲ್ಲಿಯ ಹೆಣ್ಣುಮಕ್ಕಳಿಗೆ ಕಾಲರ್ ಕೂರಿಸುವುದನ್ನು ಕಲಿಸಲು ಕಳುಹಿಸಿದರು. ಎಂಟನೇ ತರಗತಿ ಮುಗಿಸಿ ಯಂತ್ರದ ಮುಂದೆ ಕುಳಿತ, ಬಾಗಲಗುಂಟೆಯ ದೊಡ್ಡಮುನಿಯಪ್ಪನವರ ಮಗಳು; ಗಂಡ ರಾಜೇಂದ್ರ ಪೀಣ್ಯ ಎರಡನೇ ಹಂತದಲ್ಲಿ ಟೆಂಪೊ ಓಡಿಸುವವರು. ಆಕೆಗೆ ಒಂದು ಒಳ್ಳೆಯ ಪೆಟ್ಟಿಗೆ ಬೇಕಾಗಿದೆಯೆಂದು ಕ್ಯಾಂಟೀನಿನಲ್ಲಿ ಬಂದ ಮಾತನ್ನು ನಾನು ಮನೆಯಲ್ಲಿ ಹೇಳಿದಾಗ ಉಮಾಶ್ರೀ ಹಿಂದುಮುಂದು ನೋಡದೆ ನಮ್ಮದನ್ನು ಕೊಟ್ಟುಬಿಟ್ಟಳು. ಹೀಗೆ ನನ್ನ ಸೂಟ್‌ಕೇಸ್ ನನಗಿಂತ ಮೊದಲು ವಿದೇಶ ಕಂಡಿತು. ಮೂರು ಸಲ ಹೋಗಿ ಬಂದು, ಹಿಡಿಕೆಯ ಮೇಲೆ ವಿಮಾನದವರ ಬಿಳಿ ಚೀಟಿಗಳನ್ನು ಹಾಗೇ ಅಂಟಿಸಿಕೊಂಡು, ಒಳಗೆ ಎರಡು ಕಿಲೋ ಖರ್ಜೂರ ತುಂಬಿಕೊಂಡು ಅದು ಮನೆಗೆ ಮರಳಿದಾಗ ನಾನು ಆ ಚೀಟಿಗಳನ್ನು ಕಿತ್ತು ಬಿಸಾಡಿದೆ. ಖರ್ಜೂರವನ್ನು ಮಾತ್ರ ತಿಂದೆ.

ಬಹರೈನ್ ಅಂಜನಮ್ಮನ ಮೇಲೆ ಬಿಟ್ಟ ಕಣ್ಣಿಗೆ ಕಾಣುವ ಗುರುತೆಂದರೆ ಒಂದು ಕೋಟು. ಹೊರಗೆ ಬೆಂಕಿ ಸುರಿಯುವ ಆ ಊರಿನಲ್ಲಿ ಕಾರ್ಖಾನೆಯ ಒಳಗೆ ಹಲ್ಲು ಕಟಕಟಿಸುವಷ್ಟು ತಂಪು ಮಾಡುತ್ತಾರಂತೆ. ಮೊದಲ ವಾರವೇ ನಡುಗಿದ ಆಕೆಗೆ, ಕೆಲಸ ಬಿಟ್ಟು ಹೋಗುತ್ತಿದ್ದ ಯಾರೋ ಮೇಲ್ವಿಚಾರಕ ತನ್ನ ಬೂದು ಬಣ್ಣದ ಉಣ್ಣೆ ಕೋಟನ್ನು ಕೊಟ್ಟು ಹೋದನಂತೆ. ಆಳೆತ್ತರದ ಗಂಡಸಿನ ಕೋಟು. ಆಕೆ ಅದರ ತೋಳನ್ನು ಎರಡು ಮಡಿಕೆ ಒಳಕ್ಕೆ ಹೊಲಿದು, ಬೆನ್ನಿನ ಮಧ್ಯೆ ಒಂದು ಪಟ್ಟಿ ತೆಗೆದು, ಹಳೆಯ ಗುಂಡಿಗಳನ್ನು ಕಿತ್ತು ನಮ್ಮ ಕಾರ್ಖಾನೆಯ ಅಂಗಿಗಳ ಗುಂಡಿ ಹಾಕಿ, ಸೀರೆಯ ಮೇಲೆ ತೊಟ್ಟುಕೊಂಡು ಬಾಗಲಗುಂಟೆಯಲ್ಲಿ ತರಕಾರಿಗೆ ಹೋಗುತ್ತಾರೆ. ಬೇರೆ ಯಾರಾದರೂ ತೊಟ್ಟಿದ್ದರೆ ಜನ ನಗುತ್ತಿದ್ದರು. ಇವರನ್ನು ನೋಡಿ ಯಾರೂ ನಗಲಿಲ್ಲ. ನಾನು ನಗಲು ಪ್ರಯತ್ನಿಸಿದೆ, ಬರಲಿಲ್ಲ.

ಮಾತಿನಲ್ಲಿ ಆಕೆಗೆ ಒಂದು ಕೊನೆಯ ಗಂಟಿದೆ: "ಅಷ್ಟೇಯ." ಎಂಥ ದೊಡ್ಡ ಸಂಗತಿಯನ್ನು ಹೇಳಿದರೂ ಕೊನೆಗೆ ಅದನ್ನೊಂದು ಹಾಕಿ ದಾರ ಕತ್ತರಿಸಿದ ಹಾಗೆ ಮಾತು ಮುಗಿಸುತ್ತಾರೆ. ಅಲ್ಲಿಯ ಹುಡುಗಿಯರ ಭಾಷೆ ಬಾರದೆ ಹೇಗೆ ಕಲಿಸಿದಿರಿ ಎಂದು ಕೇಳಿದರೆ, "ಕೈ ಇಡ್ಕಂಡ್ ಒಲಿಸ್ದೆ ಸಾರ್. ಅಷ್ಟೇಯ." ಒಂದೇ ಋತುವಿನಲ್ಲಿ ಕೆಟ್ಟುಹೋದ ಮಾಲಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ್ದಕ್ಕೆ ಮಾಲೀಕರು ಸಭೆ ಸೇರಿಸಿ ಹೊಗಳಿದಾಗ ಎದ್ದು ನಿಂತು, "ನೋಡ್ಕಂಡ್ ಒಲಿದ್ರೆ ಬಟ್ಟೆ ಕೆಡಾಕಿಲ್ಲ, ಅಷ್ಟೇಯ" ಎಂದು ಕುಳಿತುಬಿಟ್ಟರು. ನಾನಾಗಿದ್ದರೆ ಅರ್ಧ ಗಂಟೆ ಮಾತನಾಡುತ್ತಿದ್ದೆ, ಸ್ಲೈಡುಗಳನ್ನೂ ತೋರಿಸುತ್ತಿದ್ದೆ.

ತೆರಿಗೆಯ ನಿಯಮವನ್ನು ಆಕೆಗೆ ಮೊದಲು ಹೇಳಿಕೊಟ್ಟವನು ನಾನೇ. ಅದನ್ನು ಎಷ್ಟು ಬಿಗುಮಾನದಿಂದ ಹೇಳಿದ್ದೆನೆಂಬುದು ನೆನಪಿದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ನೂರ ಎಂಬತ್ತೆರಡು ದಿನ ತುಂಬುವಷ್ಟು ಭಾರತದಲ್ಲಿದ್ದರೆ ಸರ್ಕಾರದ ಕಣ್ಣಿಗೆ ನೀವು ನಿವಾಸಿ. ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಇಲ್ಲಿ ಒಪ್ಪಿಸಿ ತೆರಿಗೆ ಕಟ್ಟಬೇಕು. ಒಂದು ದಿನ ಕಡಿಮೆಯಾದರೆ ಅನಿವಾಸಿ. ಅಲ್ಲಿ ದುಡಿದದ್ದಕ್ಕೆ ಇಲ್ಲಿ ಕೇಳುವವರಿಲ್ಲ. ಬಹರೈನ್‌ನವರು ಸಂಬಳಕ್ಕೆ ತೆರಿಗೆ ಹಾಕುವುದೇ ಇಲ್ಲವಾದ್ದರಿಂದ ಆ ಹಣ ಪೂರ್ತಿ ನಿಮ್ಮದೇ. "ಒಟ್ಟಿನಲ್ಲಿ ದಿನದ ಮೇಲೆ ನಿಗಾ ಇರಲಿ" ಎಂದೆ. ಅಂಜನಮ್ಮ ಗಂಭೀರವಾಗಿ ಕೇಳಿಸಿಕೊಂಡು, "ಅಲ್ಲಾ ಸಾರ್, ನಿಮ್ ಈ ಆಪೀಸು ಕಟ್ಟವ್ರಲ್ಲ, ಇಲ್ಲೇ ನಮ್ಮಪ್ಪನ ರಾಗಿ ಒಲ ಇದ್ದಿದ್ದು. ನನ್ನ ಅನಿವಾಸಿ ಅಂತಾರಾ?" ಎಂದು ಕೇಳಿದರು. ನಾನು ದಾವಣಗೆರೆಯಿಂದ ಬಂದು ಆ ರಾಗಿ ಹೊಲದ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದೇನೆಂಬುದು ಆವತ್ತೇ ಗೊತ್ತಾದದ್ದು. ಕಾನೂನು ಹಾಗೇ ಎಂದು ಹೇಳಿ ಕಳುಹಿಸಿದೆ.

ಆ ದಿನದಿಂದ ಶುರುವಾದದ್ದು ಆ ಪಟ್ಟಿ. ಕಾಲರಿನ ಒಳಗೆ ಹಾಕುವ ಬಿಳಿಯ ಗಟ್ಟಿ ಬಟ್ಟೆಯನ್ನು ಎರಡು ಬೆರಳಗಲ ಕತ್ತರಿಸಿ, ಉದ್ದಕ್ಕೆ ಸೇರಿಸಿ, ಏಪ್ರಿಲ್ ಒಂದರಿಂದ ಅದರ ಮೇಲೆ ದಿನಕ್ಕೊಂದು ಹೊಲಿಗೆ. ಪಾದ ಈ ನೆಲವನ್ನು ಮುಟ್ಟಿದ ದಿನಕ್ಕೆ ಕೆಂಪು ದಾರ. ಪೂರ್ತಿ ಅಲ್ಲೇ ಕಳೆದ ದಿನಕ್ಕೆ ನೀಲಿ. ಹೊರಡುವ ದಿನ ಬೆಳಗಿನ ಕಾಫಿ ಇಲ್ಲಿ ಕುಡಿದಿದ್ದರೆ ಅದು ಕೆಂಪು. ಬಂದಿಳಿದ ದಿನ ರಾತ್ರಿಯ ಮುದ್ದೆ ಇಲ್ಲಿ ತಿಂದಿದ್ದರೆ ಅದೂ ಕೆಂಪು. ಮಾರ್ಚ್ ಮೂವತ್ತೊಂದಕ್ಕೆ ಪಟ್ಟಿ ಮುಗಿಯುತ್ತದೆ, ಸುರುಳಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಾರೆ, ಮಾರನೆಯ ದಿನ ಹೊಸದು. ಡೈರಿಯಲ್ಲಿ ಬರೆದಿಟ್ಟರೆ ಸಾಲದೇ ಎಂದರೆ, ಆಕೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಲಿದ ಅಂಗಿಗಳನ್ನು ಎಣಿಸಿ ಬರೆದುಕೊಳ್ಳುವ ಗುಮಾಸ್ತನೊಬ್ಬ ದಿನಕ್ಕೆ ಮೂರು ನಾಲ್ಕು ನುಂಗಿಹಾಕುತ್ತಿದ್ದ ಕಥೆ ಹೇಳಿದರು. "ಬರ್ದಿದ್ದು ಬರ್ದೋರ್ ಮಾತು ಕೇಳ್ತದೆ ಸಾರ್. ಒಲ್ದಿದ್ದು ಯಾರ್ ಮಾತೂ ಕೇಳಾಕಿಲ್ಲ. ಅಷ್ಟೇಯ." ಬರೆಯುವುದೇ ಉದ್ಯೋಗವಾದವನ ಎದುರಿಗೆ ಈ ಮಾತು ಹೇಳಬಾರದೆಂಬ ದಾಕ್ಷಿಣ್ಯವೂ ಆಕೆಗಿಲ್ಲ.

ಈ ನಡುವೆ ನಾನು ನಾಗಸಂದ್ರದ ಬಳಿ, ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆಯ ಒಂದು ಫ್ಲಾಟ್ ಕೊಂಡೆ. ಅಲ್ಲಿಯವರೆಗೆ ಹನ್ನೊಂದು ವರ್ಷ ನಾವಿದ್ದದ್ದು ಅತ್ತೆ ಗೌರಮ್ಮನವರ ಹೆಸರಿನಲ್ಲಿದ್ದ ಮನೆಯಲ್ಲಿ, ಬಾಡಿಗೆಯಿಲ್ಲದೆ. ಆದರೆ ತಿಂಗಳು ತಿಂಗಳು ಬಾಡಿಗೆ ಕೊಟ್ಟಂತೆ ಅತ್ತೆಯಿಂದ ರಸೀದಿಗೆ ಸಹಿ ಹಾಕಿಸಿ, ಕಾರ್ಖಾನೆಗೆ ಸಲ್ಲಿಸಿ, ತೆರಿಗೆ ಉಳಿಸುವುದು ನಡೆದೇ ಇತ್ತು. ಬೆಂಗಳೂರಿನಲ್ಲಿ ಇದನ್ನು ಯಾರೂ ತಪ್ಪೆಂದು ತಿಳಿದಿಲ್ಲ. ಫ್ಲಾಟ್ ಕೊಂಡ ಮೇಲೂ ಆ ವರ್ಷದ ರಸೀದಿಗಳಿಗೆ ಮಾರ್ಚ್‌ವರೆಗೆ ಸಹಿ ಹಾಕಿಸಿಟ್ಟಿದ್ದೆ. ಗೃಹಪ್ರವೇಶ ಯುಗಾದಿಯ ದಿನ ಎಂದು ಗೊತ್ತಾಯಿತು. ಯುಗಾದಿ ಮಾರ್ಚ್ ಮೂವತ್ತರ ಭಾನುವಾರ ಬಿದ್ದಿತ್ತು. ಕರೆಯಬೇಕಾದವರ ಪಟ್ಟಿಯಲ್ಲಿ ಅಂಜನಮ್ಮನ ಹೆಸರನ್ನು ಉಮಾಶ್ರೀ ಬರೆಯುವ ಮೊದಲೇ ನಾನು ಬರೆದಿದ್ದೆ. ಪ್ರೀತಿಯಿಂದಲ್ಲ. ನನ್ನ ಅಡುಗೆಮನೆಯ ಕಪಾಟುಗಳನ್ನೂ ಬಾಲ್ಕನಿಯಿಂದ ಕಾಣುವ ಮೆಟ್ರೊ ರೈಲನ್ನೂ ಆಕೆ ನೋಡಬೇಕಾಗಿತ್ತು. ನೋಡಿ, ಒಂದೇ ಒಂದು ಸಲವಾದರೂ, ನನ್ನ ಬಗ್ಗೆ ಕರುಬಬೇಕಾಗಿತ್ತು.

ಆದರೆ ಅಂಜನಮ್ಮ ಬಹರೈನ್‌ಗೆ ಮರಳುವ ಟಿಕೆಟ್ ಆಗಿದ್ದದ್ದು ಆ ಮೂವತ್ತನೇ ತಾರೀಕಿಗೇ. ಹಿಂದಿನ ಅಕ್ಟೋಬರ್ ಒಂದಕ್ಕೆ ಬಂದವರು, ವರ್ಷದ ಉಳಿದರ್ಧವನ್ನು ಇಲ್ಲಿಯೇ ಕಳೆದಿದ್ದರು. ಮೂವತ್ತನ್ನು ಆರಿಸಿದ್ದೂ ನನ್ನನ್ನು ಕೇಳಿಯೇ. ಈಗ ಬಂದು, "ಒಂದ್ ದಿನ ಮುಂದಕ್ ಆಕ್ಸುದ್ರೆ ಏನಾರ ಆಯ್ತದಾ ಸಾರ್? ನಿಮ್ಮನೆ ಕಾರ್ಯ ಬಿಟ್ಟು ಓಗಾಕೆ ಮನಸಿಲ್ಲ" ಎಂದರು. ನಾನು ಕಂಪ್ಯೂಟರಿನಲ್ಲಿ, ಹೋಗುವ ತಾರೀಕಾದ ಮೂವತ್ತೊಂದರಿಂದ ಬಂದ ತಾರೀಕನ್ನು ಕಳೆದೆ. ನೂರ ಎಂಬತ್ತೊಂದು. "ಏನೂ ಆಗಲ್ಲ, ಬನ್ನಿ" ಎಂದೆ. ಹಾಗೆ ಕಳೆದಾಗ ಕೊನೆಯ ದಿನ ಬಿಟ್ಟುಹೋಗುತ್ತದೆ, ಅದನ್ನು ಕೂಡಿಸಿಕೊಳ್ಳಬೇಕು, ಬಂದ ದಿನವನ್ನೂ ಹೋದ ದಿನವನ್ನೂ ಇಲ್ಲಿಯದೇ ಎಂದು ಎಣಿಸುವುದು ರೂಢಿ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಜನರಲ್ ಮ್ಯಾನೇಜರ್ ಅವರ ಹಾಳೆಯಲ್ಲಿ ಪ್ರತಿ ವರ್ಷ ಆ ಒಂದನ್ನು ನಾನೇ ಕೂಡಿಸುತ್ತೇನೆ. ಅಂಜನಮ್ಮನ ಹಾಳೆಯಲ್ಲಿ ಕೂಡಿಸಲಿಲ್ಲ. ಮರೆತೆನೇ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೇಕೆಂದು ಮಾಡಲಿಲ್ಲ, ಆದರೆ ಆಕೆ ನನ್ನ ಮನೆ ನೋಡಲಿ ಎಂಬ ಆತುರದಲ್ಲಿ ಎರಡನೆಯ ಸಲ ಎಣಿಸುವ ಮನಸ್ಸೂ ಮಾಡಲಿಲ್ಲ.

ಗೃಹಪ್ರವೇಶಕ್ಕೆ ಆಕೆ ಕೋಟು ತೊಟ್ಟೇ ಬಂದರು. ಕಪಾಟುಗಳನ್ನು ತೆರೆದು ತೋರಿಸಿದೆ, "ಚೆನ್ನಾಗೈತೆ ಸಾರ್" ಎಂದರು. ಬಾಲ್ಕನಿಗೆ ಕರೆದುಕೊಂಡು ಹೋದೆ, ಮೆಟ್ರೊ ಬಂತು, ನೋಡಿದರು, "ಚೆನ್ನಾಗೈತೆ" ಎಂದರು. ಆ ದನಿಯಲ್ಲಿ ಮಾತ್ಸರ್ಯದ ಒಂದು ಹನಿಯಾದರೂ ಇದೆಯೇ ಎಂದು ಕಿವಿಯಾನಿಸಿದ್ದು ವ್ಯರ್ಥವಾಯಿತು. ಅಷ್ಟರಲ್ಲಿ ದಾವಣಗೆರೆಯಿಂದ ಬಂದಿದ್ದ ನನ್ನ ಸೋದರಮಾವ ಮುರಿಗೆಪ್ಪನವರಿಗೆ ಈಕೆ ಬಹರೈನ್‌ನಲ್ಲಿರುವವರೆಂದು ಯಾರೋ ಹೇಳಿ, ಅವರು ಆಕೆಯನ್ನು ಹತ್ತಿರ ಕೂರಿಸಿಕೊಂಡು, "ಅಲ್ಲಿ ಜ್ವಾಳದ ರೊಟ್ಟಿ ಸಿಕ್ತಾವೇನವಾ?" ಎಂದು ಶುರುಮಾಡಿದರು. ಹತ್ತೇ ನಿಮಿಷದಲ್ಲಿ ನೆಂಟರೆಲ್ಲ ಅಲ್ಲಿ ನೆರೆದರು. ನನ್ನ ಮನೆ, ನನ್ನ ಸಾಲ, ನಾನು ಹಾಕಿಸಿದ ಹೋಳಿಗೆ ಊಟ. ಕೇಳುತ್ತಿದ್ದದ್ದು ಮಾತ್ರ ಬಹರೈನ್ ಕಥೆ.

ಮಾತನಾಡುತ್ತಲೇ ಆಕೆಯ ಕಣ್ಣು ನಡುಮನೆಯ ಪರದೆಯ ಮೇಲೆ ಬಿತ್ತು. ಅಂಗಡಿಯವನು ಅಂಚನ್ನು ಸೊಟ್ಟಗೆ ಹೊಲಿದಿದ್ದನಂತೆ, ನಮಗ್ಯಾರಿಗೂ ಕಂಡಿರಲಿಲ್ಲ. ಕೋಟಿನ ಜೇಬಿನಿಂದ ಸೂಜಿ, ಕೆಂಪು ದಾರ, ಕುತ್ತಿಗೆಯಿಂದ, ಅಲ್ಲಿ ಯಾವಾಗಲೂ ನೇತಾಡುವ, ದಾರ ಕತ್ತರಿಸುವ ಪುಟ್ಟ ಕತ್ತರಿ ಹೊರಬಂದವು. ನೆಲದ ಮೇಲೆ ಕುಳಿತು, ಕಥೆ ಹೇಳುತ್ತಾ ಹೇಳುತ್ತಾ, ಪರದೆಯ ಅಂಚನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದುಬಿಟ್ಟರು. ನೆಂಟರು ಬಾಯಿಬಿಟ್ಟುಕೊಂಡು ನೋಡಿದರು. ಇವತ್ತಿಗೂ ನಮ್ಮ ಕಡೆಯವರು ಆ ಸಮಾರಂಭವನ್ನು ನೆನೆಯುವುದು "ಆ ಕೋಟಿನಮ್ಮ ಪರದೆ ಹೊಲಿದರಲ್ಲ, ಆವತ್ತು" ಎಂದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ನನ್ನ ಪಾಲಿನ ಪೂಜಾರಿ ಸೂಜಿ ಹಿಡಿದು ಬಂದಿದ್ದರು. ಮಾರನೆಯ ದಿನ ಮಧ್ಯಾಹ್ನ ಆಕೆ ವಿಮಾನ ಹತ್ತಿ ಹೋದರು.

ಜುಲೈನಲ್ಲಿ ಎರಡು ವಾರದ ರಜೆಯ ಮೇಲೆ ಬಂದಾಗ, ಆ ಹಿಂದಿನ ವರ್ಷದ ರಿಟರ್ನ್ ಸಲ್ಲಿಸಲು ನನ್ನ ಮೇಜಿನ ಮುಂದೆ ಕುಳಿತರು. ಆ ಸಲ ಆಕೆಗೆ ಒಂದು ಅವಸರವಿತ್ತು. ಕಾರ್ಖಾನೆಯವರು ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡುತ್ತಿದ್ದರು; ಅದರಲ್ಲಿ ಆಕೆ ಹದಿನಾಲ್ಕು ವರ್ಷ ಕುಳಿತ, ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಯಂತ್ರವೂ ಇತ್ತು. ಅದನ್ನು ಕೊಂಡು ಬಾಗಲಗುಂಟೆಯ ಮನೆಯ ಮುಂಗೋಣೆಯಲ್ಲಿಟ್ಟು, ಬಹರೈನ್ ಸಾಕೆನಿಸಿದ ದಿನ ನಾಲ್ಕು ಜನ ಹೆಂಗಸರನ್ನು ಸೇರಿಸಿಕೊಂಡು ಸ್ವಂತ ಕೆಲಸ ಆರಂಭಿಸಬೇಕೆಂಬುದು ಆಕೆಯ ಆಸೆ. ವಿಲೇವಾರಿಯ ಕಾಗದಕ್ಕೆ ಸಹಿ ಹಾಕುವವನು ನಾನೇ ಆದ್ದರಿಂದ ಬೆಲೆ ನನಗೆ ಗೊತ್ತಿತ್ತು: ನಲವತ್ತು ಸಾವಿರ. ಅದಕ್ಕೆಂದೇ ತೆಗೆದಿಟ್ಟ ಹಣ ಆಕೆಯಲ್ಲಿತ್ತು, ಶುಕ್ರವಾರದೊಳಗೆ ಕಟ್ಟಬೇಕಾಗಿತ್ತು. ನಾನು ಹಾಳೆ ತೆರೆದು, "ನೂರ ಎಂಬತ್ತೊಂದು. ಬಚಾವಾದಿರಿ. ಅಲ್ಲಿನ ಸಂಬಳಕ್ಕೆ ತೆರಿಗೆ ಇಲ್ಲ" ಎಂದು ಔದಾರ್ಯದಿಂದ ಘೋಷಿಸಿದೆ.

ಅಂಜನಮ್ಮ ಚೀಲದಿಂದ ಸುರುಳಿ ತೆಗೆದು ಮೇಜಿನ ಮೇಲೆ ಬಿಚ್ಚಿದರು. "ಇಲ್ಲ ಸಾರ್. ನೂರ ಎಂಬತ್ತೆರಡು. ಮೂರ್ ಸಲ ಎಣಿಸಿವ್ನಿ."

ನನ್ನ ತಪ್ಪು ನನಗೆ ತಕ್ಷಣ ಗೊತ್ತಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೂ ಸುಳ್ಳು ಹೇಳುವುದಿಲ್ಲ: ಆ ಕ್ಷಣ ನನ್ನೊಳಗೆ ಮೊದಲು ಮೂಡಿದ್ದು ಪಶ್ಚಾತ್ತಾಪವಲ್ಲ, ತಣ್ಣನೆಯ ಒಂದು ಸಂತೋಷ. ಕೊನೆಗೂ ಈಕೆಗೊಂದು ಏಟು ಬಿತ್ತು ಎಂಬ ಸಂತೋಷ. ಅದು ಎಷ್ಟು ಹೊತ್ತು ಇತ್ತೋ ತಿಳಿಯದು, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಇರಬಹುದು. ಆಮೇಲೆ ಲೆಕ್ಕ ಮಾಡಿ ನೋಡಿದೆ. ಎರಡೂ ಕಡೆಯ ಸಂಬಳ ಸೇರಿದರೆ ಬೀಳುವ ತೆರಿಗೆ ನಲವತ್ನಾಲ್ಕು ಸಾವಿರದ ಚಿಲ್ಲರೆ. ಯಂತ್ರದ ಹಣ ಪೂರ್ತಿ ಹೋಗಿ, ಮೇಲೆ ಕೈಯಿಂದ ಹಾಕಬೇಕು. ಆಗ ಮಾತ್ರ ಎದ್ದೆ.

ಬಾಗಿಲು ಮುಂದೆ ಮಾಡಿ ಬಂದು ದನಿ ತಗ್ಗಿಸಿದೆ. "ನೋಡಿ ಅಂಜನಮ್ಮ, ಒಂದೇ ಒಂದು ದಿನ. ನೂರ ಎಂಬತ್ತೊಂದು ಅಂತಾನೇ ಹಾಕ್ತೀನಿ. ಯಾರೂ ಕೇಳಲ್ಲ. ಕೇಳಿದರೆ ಹೊರಟ ದಿನ ಸೇರುತ್ತೋ ಇಲ್ಲವೋ ಅಂತ ವಾದ ಮಾಡಬಹುದು. ನಾನಿದ್ದೀನಿ."

"ಅಂಗಾದ್ರೆ ಯಾವ್ದು ಬಿಚ್ಲಿ?"

"ಏನು?"

"ಒಂದ್ ಜಾಸ್ತಿ ಅಂತೀರಲ್ಲ. ಯಾವ ದಿನ ಬಿಚ್ಚಾಕ್ಲಿ ಏಳಿ." ಕುತ್ತಿಗೆಯಿಂದ ಆ ಪುಟ್ಟ ಕತ್ತರಿಯನ್ನು ತೆಗೆದು ನನ್ನ ಮುಂದಿಟ್ಟರು. ವ್ಯಂಗ್ಯವೇನೂ ಇರಲಿಲ್ಲ, ಆಕೆಗೆ ವ್ಯಂಗ್ಯ ಬರುವುದಿಲ್ಲ. ಪಟ್ಟಿಯ ಮೇಲೆ ಬೆರಳು ಓಡಿಸುತ್ತಾ ಹೋದರು. "ಇದು ಬಂದಿಳ್ದಿದ್ದು. ಅವ್ವ ಬೈರಮ್ಮ ಮುದ್ದೆ ಮಾಡ್ಕಂಡ್ ಕೂತಿದ್ಲು. ಇದು ಆಯುಧಪೂಜೆ, ಯಜಮಾನ್ರು ಟೆಂಪೊಗೆ ಊವ ಆಕಿದ್ದು. ಇಲ್ಲಿಂದ ಇಲ್ಲಿಗಂಟ ಅವ್ವಂಗೆ ಕಣ್ಣಾಪರೇಶನ್ನು, ಒಂಬತ್ ದಿನ. ಇದು ನನ್ ಲೈನಿನ ಸೌಮ್ಯಾ ಮೊದಲ್ನೇ ಸರ್ತಿ ಒಂದೂ ತಪ್ಪಿಲ್ದಂಗೆ ಕಾಲರ್ ಕೂರ್ಸಿದ್ದು, ಅತ್ಬಿಟ್ಲು ಉಡ್ಗಿ." ಬೆರಳು ಕೊನೆಗೆ ಬಂದು ನಿಂತಿತು. "ಇದು ಕೊನೇದು, ಓಗಿದ್ದು. ಅದ್ಕೂ ಮೊದಲ್ದು ನಿಮ್ಮನೇದು. ನಿಮ್ಮನೆ ಓಳ್ಗೆ ಉಂಡು, ಆ ಪರದೆ ಒಲ್ದು, ಮಾರನೇ ದಿನ ಓದೆ. ಉಂಡಿದ್ ದಿನಾನ ಉಂಡಿಲ್ಲ ಅಂತ ಎಂಗ್ ಏಳ್ಲಿ ಸಾರ್?"

ನಾನು ಕತ್ತರಿಯನ್ನು ಕೈಗೆತ್ತಿಕೊಂಡಿದ್ದೆ ಎಂಬುದು ಆಗ ಗಮನಕ್ಕೆ ಬಂತು. ಕೆಳಗಿಟ್ಟೆ. ಅದು ಸರಪಳಿ ಹೊಲಿಗೆ; ಕೊನೆಯದೊಂದನ್ನು ಬಿಚ್ಚಿ ಎಳೆದರೆ ಹಿಂದಿನದೂ, ಅದರ ಹಿಂದಿನದೂ ಬಿಟ್ಟುಕೊಳ್ಳುತ್ತಾ ಹೋಗುತ್ತದೆಂಬುದು ಬಟ್ಟೆಯ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಕುಳಿತವನಿಗೆ ತಿಳಿಯದ ವಿಷಯವಲ್ಲ.

ಆಗ ಹೇಳಿಬಿಟ್ಟೆ. ಬನ್ನಿ ಎಂದದ್ದು ನಾನು, ಎಣಿಕೆ ತಪ್ಪಿದ್ದು ನನ್ನದು, ಮ್ಯಾನೇಜರಿಗೆ ಕೂಡಿಸಿದ್ದನ್ನು ನಿಮಗೆ ಕೂಡಿಸಲಿಲ್ಲ. ಆ ಹಣವನ್ನು ನಾನೇ ಕಟ್ಟುತ್ತೇನೆ ಎಂದೆ. ಅಂಜನಮ್ಮನಿಗೆ ಕೋಪ ಬರಲಿ ಎಂದು ಕಾದೆ. ಬಂದಿದ್ದರೆ ನಮ್ಮಿಬ್ಬರ ಲೆಕ್ಕ ಸರಿಹೋಗುತ್ತಿತ್ತು. "ತಪ್ ಮಾಡುದ್ರಿ, ಬುಡಿ" ಎಂದರು. "ಆದ್ರೆ ದಿನ ನನ್ದಲ್ವಾ ಸಾರ್? ನನ್ ದಿನಕ್ಕೆ ನೀವ್ಯಾಕ್ ಕಟ್ತೀರ. ನಾನೇ ಕಟ್ತೀನಿ. ಅಷ್ಟೇಯ." ಪಟ್ಟಿಯನ್ನು ಸುತ್ತಿ, ಕತ್ತರಿಯನ್ನು ಕುತ್ತಿಗೆಗೆ ಹಾಕಿಕೊಂಡು, ಮೇಜು ಕುರ್ಚಿಗಳ ನಡುವೆ ಓರೆಯಾಗಿ ನುಸುಳಿ ಹೊರಟುಹೋದರು. ಮಾರನೆಯ ದಿನ ಬಂದು ಹಣ ಕಟ್ಟಿದರು.

ಶುಕ್ರವಾರ ಆ ಓವರ್‌ಲಾಕ್ ಯಂತ್ರವನ್ನು ರಾಜಾಜಿನಗರದ ವ್ಯಾಪಾರಿಯೊಬ್ಬ ಲಾರಿಗೆ ಹೇರಿಸಿಕೊಂಡು ಹೋದ. ಕಾಗದಕ್ಕೆ ಸಹಿ ಹಾಕಿದ್ದು ನಾನು. ಕಿಟಕಿಯಿಂದ ನೋಡಿದರೆ ಅಂಜನಮ್ಮ ಕೆಳಗೆ ನಿಂತು, ಯಂತ್ರದ ಯಾವ ಭಾಗವನ್ನು ಹಿಡಿದು ಎತ್ತಬೇಕೆಂದು ಹಮಾಲರಿಗೆ ಹೇಳಿಕೊಡುತ್ತಿದ್ದರು. ಲಾರಿ ಹೋದ ಮೇಲೆ ಕೋಟಿನ ತೋಳಿನಿಂದ ಒಮ್ಮೆ ಕಣ್ಣೊರೆಸಿಕೊಂಡದ್ದನ್ನೂ ಕಂಡೆ. ಇಳಿದು ಹೋಗಿ ಸಮಾಧಾನ ಹೇಳಬೇಕೆನಿಸಿತು, ಹೋಗಲಿಲ್ಲ. ಮುಂದಿನ ವಾರ ಬಹರೈನ್‌ಗೆ ಹೊರಡುವ ಮುನ್ನ ಆಕೆಯೇ ಬಂದು, "ಮುಂದಿನ್ ಸರ್ತಿ ಇನ್ನೊಂದ್ ಮಿಷಿನ್ ತಗಿಯಾನ ಬುಡಿ" ಎಂದು ನನಗೇ ಧೈರ್ಯ ಹೇಳಿ ಹೋದರು.

ಆ ವರ್ಷದ ನನ್ನ ಸ್ವಂತ ರಿಟರ್ನ್ ಇನ್ನೂ ಬಾಕಿಯಿತ್ತು. ಅತ್ತೆಯ ಹನ್ನೆರಡು ರಸೀದಿಗಳು ಕಡತದಲ್ಲಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಯಾರೂ ಏನೂ ಅನ್ನದಿದ್ದರೂ ನನ್ನ ಕೈ ಮತ್ತೆ ಮತ್ತೆ ಆ ಕಡತದ ಮೇಲೆ ಹೋಗುತ್ತಿತ್ತು. ಕೊನೆಗೆ ಅವನ್ನು ಬಿಟ್ಟು ರಿಟರ್ನ್ ಸಲ್ಲಿಸಿದೆ, ವ್ಯತ್ಯಾಸದ ತೆರಿಗೆಯನ್ನು ಕಟ್ಟಿದೆ. ಉಮಾಶ್ರೀ, "ಏನ್ರೀ, ಹುಚ್ಚು ಹಿಡಿದಿದೆಯಾ?" ಎಂದಳು. ಇದನ್ನು ಯಾರೂ ಸದ್ಗುಣವೆಂದು ತಿಳಿಯಬಾರದು. ಅದೂ ಹೊಟ್ಟೆಕಿಚ್ಚಿನಿಂದಲೇ ಮಾಡಿದ್ದು. ಎಂಟನೇ ತರಗತಿಯವರು ಮಾಡಿದ್ದನ್ನು ಎಂ.ಕಾಂ.ನವನು ಮಾಡಲಾರನೇ ಎಂಬ ಹಟ. ಆದರೆ ಹಣ ಕಟ್ಟಿದ ಮೇಲೆ ಆಕೆಯ ಹಾಗೆ ಅದನ್ನು ಅಲ್ಲಿಗೇ ಬಿಟ್ಟುಬಿಡಲು ನನಗಾಗಲಿಲ್ಲ. ಹಣ ಹೋಯಿತಲ್ಲ ಎಂದು ಮೂರು ದಿನ ಸಂಕಟಪಟ್ಟೆ.

ಜಗತ್ತಿನಲ್ಲಿ ಇಂಥ ಕೆಲವರಿದ್ದಾರೆ. ಅವರನ್ನು ಪ್ರಾಮಾಣಿಕರೆಂದು ಕರೆದರೆ ಅವರಿಗೇ ಅರ್ಥವಾಗುವುದಿಲ್ಲ, ಏಕೆಂದರೆ ಅವರು ಯಾವ ಪ್ರಲೋಭನೆಯನ್ನೂ ಗೆದ್ದವರಲ್ಲ. ತಾವು ಬದುಕಿದ ದಿನವನ್ನು ಬದುಕಿಲ್ಲವೆಂದು ಹೇಳುವ ಬಗೆ ಅವರಿಗೆ ತೋಚುವುದಿಲ್ಲ, ಅಷ್ಟೆ. ಯಾವ ದೇಶಕ್ಕೆ ಹೋದರೂ ಅವರ ಕಾಲಿನಡಿಯ ನೆಲ ಅವರ ಜೊತೆಗೇ ಹೋಗುತ್ತದೆ. ನಮ್ಮಂಥವರು ಪಾಸ್‌ಪೋರ್ಟಿನ ಮುದ್ರೆಗಳಿಗಾಗಿ ಅವರನ್ನು ನೋಡಿ ಕರುಬುತ್ತೇವೆ. ಕರುಬಬೇಕಾದದ್ದು ಅದಕ್ಕಲ್ಲವೆಂದು ತಿಳಿಯುವಷ್ಟರಲ್ಲಿ ವಯಸ್ಸಾಗಿರುತ್ತದೆ. ನಮ್ಮ ನಡುಮನೆಯ ಪರದೆಯ ಅಂಚಿನಲ್ಲಿ ಆ ಕೆಂಪು ದಾರ ಈಗಲೂ ಇದೆ, ಒಂದು ಎಳೆಯೂ ಸಡಿಲವಾಗಿಲ್ಲ. ಬೆಳಿಗ್ಗೆ ಅದನ್ನು ಸರಿಸುವಾಗಲೆಲ್ಲ ನೆನಪಾಗುತ್ತದೆ: ನನ್ನ ಮನೆಯಲ್ಲಿ ಕಳೆದ ಆ ಒಂದು ದಿನವನ್ನು ತನ್ನದೆಂದು ಉಳಿಸಿಕೊಳ್ಳಲು ಅಂಜನಮ್ಮ ಹದಿನಾಲ್ಕು ವರ್ಷ ಕುಳಿತ ಯಂತ್ರವನ್ನೇ ಬಿಟ್ಟುಕೊಟ್ಟರು. ಅದೇ ದಿನ, ಅದೇ ಮನೆಯಲ್ಲಿ, ಯಜಮಾನನಾಗಿ ನಾನೂ ಇದ್ದೆ. ನನ್ನದೂ ಒಂದು ಪಟ್ಟಿಯಿದ್ದು, ಯಾವ ದಿನ ಬಿಚ್ಚಲಿ ಎಂದು ಯಾರಾದರೂ ಕೇಳಿದ್ದರೆ, ನಾನು ಮೊದಲು ತೋರಿಸುತ್ತಿದ್ದದ್ದು ಅದನ್ನೇ.